ಹಾಡಿಗೆ ಮುಂಚೆ ಕಾಗದ

ಜಾತ್ರೆಯ ನಾಟಕಕ್ಕೆ ಪಾತ್ರಧಾರಿಣಿಯನ್ನು ಗೊತ್ತು ಮಾಡುವ ರೀತಿ ನಿಮಗೆ ತಿಳಿದದ್ದೇ. ಎಲೆ ಅಡಿಕೆ ಕೊಟ್ಟು ಕೈಯಲ್ಲಿ ಒಂದಿಷ್ಟು ಇಸಾರ ಇಡುತ್ತೇವೆ. ಉಳಿದದ್ದೆಲ್ಲ ಬಾಯಿಮಾತು. ನಾನು ಬ್ಯಾಂಕಿನಲ್ಲಿ ಕಾರಕೂನನಾಗಿದ್ದಾಗ ಹಾಡುವ ನಟಿಯೊಬ್ಬರು ಬೆಂಡೋಲೆ ಒತ್ತೆ ಇಡಲು ಬಂದಿದ್ದರು. ಆಟ ಮುಗಿದ ಮೇಲೆ ಎರಡು ಊರಿನವರು ಹಣ ಕೊಟ್ಟಿರಲಿಲ್ಲ. "ಕಾಗದ ಏನಾದರೂ ಇದೆಯೇನಕ್ಕ?" ಎಂದು ಕೇಳಿದೆ. "ಕಾಗದ ಎಲ್ಲೀದ್ರೀ ಸಾಹೇಬ್ರ? ಬಾಯಿಲೆ ಕರದ್ರು, ಹೋಗಿ ಹಾಡಿದೆ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಕಾಗದ ಮಾಡಿಸಿಕೊಂಡೇ ಹಾಡಿದ ಒಬ್ಬಾಕೆಯ ಕಥೆಯನ್ನು ಈ ಹೊತ್ತು ಹೇಳುತ್ತೇನೆ.

ಸ್ವೀಡನ್ನಿನ ಜೆನಿ ಲಿಂಡ್ ಹುಟ್ಟಿದ್ದು 1820ರಲ್ಲಿ. ಹಾಡಿನಲ್ಲೇ ನಡೆಯುವ ನಾಟಕಕ್ಕೆ ಒಪೆರಾ ಎನ್ನುತ್ತಾರೆ. ಅದರಲ್ಲಿ ಹೆಸರು ಮಾಡಿದ ಆಕೆ 1849ರಲ್ಲಿ ರಂಗಭೂಮಿ ಬಿಟ್ಟು ಕಛೇರಿಗಳಲ್ಲಷ್ಟೇ ಹಾಡತೊಡಗಿದಳು. ಅಮೆರಿಕದ ಪ್ರದರ್ಶನಗಳ ವ್ಯಾಪಾರಿ ಪಿ. ಟಿ. ಬಾರ್ನಮ್ ಆಕೆಯ ಹಾಡನ್ನು ಒಮ್ಮೆಯೂ ಕೇಳಿರಲಿಲ್ಲ. ಆದರೂ ತನ್ನ ಪ್ರತಿನಿಧಿಯನ್ನು ಯುರೋಪಿಗೆ ಕಳಿಸಿದ. 1850ರ ಜನವರಿಯಲ್ಲಿ ಕರಾರುಪತ್ರಕ್ಕೆ ಸಹಿ ಬಿತ್ತು.

ಲೆಕ್ಕ ಕೇಳಿರಿ. 150 ಕಛೇರಿ, ಒಂದಕ್ಕೆ 1,000 ಡಾಲರ್. ಜೊತೆಗೆ ಸಂಗೀತ ನಿರ್ದೇಶಕನಿಗೆ 25,000, ಸಹಗಾಯಕನಿಗೆ 12,500. ಒಟ್ಟು 1,87,500 ಡಾಲರ್. ಈ ಹಣವಷ್ಟೂ ಮುಂಗಡವಾಗಿ ಲಂಡನ್ನಿನ ಬೇರಿಂಗ್ ಬ್ಯಾಂಕಿನಲ್ಲಿ ಜಮೆಯಾಗಬೇಕು. ಅದನ್ನು ಹೊಂದಿಸಲು ಬಾರ್ನಮ್ ಸಾಲ ಮಾಡಿದ. ಮಾತು ಇಬ್ಬರದು, ಆದರೆ ಹಣ ಮೂರನೆಯವರ ಕೈಯಲ್ಲಿ. ಆಕೆಯ ಧೈರ್ಯ ಇದ್ದದ್ದು ಅಲ್ಲಿ.

1850ರ ಸೆಪ್ಟೆಂಬರಿನಲ್ಲಿ ಆಕೆ ನ್ಯೂಯಾರ್ಕಿಗೆ ಬಂದಾಗ ಜನ ಮುಗಿಬಿದ್ದರು. ಕರಾರನ್ನು ಹೊಸದಾಗಿ ಬರೆದರು. ಆಕೆಗೆ 1,000 ಡಾಲರ್, ಬಾರ್ನಮ್‌ನ ಖರ್ಚಿಗೂ ಶ್ರಮಕ್ಕೂ 5,500 ತೆಗೆದು, ಮಿಕ್ಕದ್ದರಲ್ಲಿ ಇಬ್ಬರಿಗೂ ಸಮಪಾಲು. ನೂರು ಕಛೇರಿಯ ನಂತರ 25,000 ದಂಡ ತೆತ್ತು ಆಕೆ ಬಿಡುಗಡೆ ಪಡೆಯಬಹುದು ಎಂದೂ ಸೇರಿತು.

1851ರ ಜೂನ್‌ನಲ್ಲಿ, ಫಿಲಡೆಲ್ಫಿಯಾದಲ್ಲಿ 93ನೆಯ ಕಛೇರಿಯ ಹೊತ್ತಿಗೆ, ಆಕೆಗೆ ಬಿಡುಗಡೆ ಬೇಕಾಯಿತು. ದಂಡದ ಜೊತೆಗೆ, ಬಾಕಿ ಏಳು ಕಛೇರಿಗೆ ಏಳು ಸಾವಿರ ಕೊಟ್ಟರೆ ಇಂದೇ ಮುಗಿಸಬಹುದೆಂದು ಬಾರ್ನಮ್ ಸೂಚಿಸಿದ. ಆಕೆ ಒಪ್ಪಿಗೆಯನ್ನು ಕಾಗದದಲ್ಲೇ ಬರೆದುಕೊಟ್ಟಳು. 32,000 ಡಾಲರಿಗೆ ಋಣ ಹರಿಯಿತು. ಕೋರ್ಟಿನ ಮೆಟ್ಟಿಲು ಹತ್ತುವ ಪ್ರಮೇಯ ಬರಲಿಲ್ಲ.

ಈ ಪತ್ರಗಳನ್ನೂ ಲೆಕ್ಕವನ್ನೂ ಬಾರ್ನಮ್ ತನ್ನ ಆತ್ಮಕಥೆಯಲ್ಲಿ ಅಚ್ಚು ಹಾಕಿಸಿದ್ದಾನೆ. ಕರಾರಿನ ಹೊರಗಿನ ಮೊದಲ ಎರಡನ್ನೂ ಸೇರಿಸಿ 95 ಕಛೇರಿಗಳ ವಸೂಲಿ 7,12,161 ಡಾಲರ್ 34 ಸೆಂಟ್. ಆಕೆಗೆ ನಿವ್ವಳ ಉಳಿದದ್ದು 1,76,675 ಡಾಲರ್ 9 ಸೆಂಟ್. ಮಿಕ್ಕ 5,35,486 ಡಾಲರ್ 25 ಸೆಂಟ್ ಅವನದು, ಖರ್ಚೆಲ್ಲ ಅದರಲ್ಲೇ. ಕೂಡಿ ನೋಡಿದೆ, ಒಂದು ಸೆಂಟೂ ತಪ್ಪಿಲ್ಲ. ಅವನ ಪಾಲು ದೊಡ್ಡದಾಯಿತೆಂದು ನಾವು ಇಂದು ವಾದ ಮಾಡಬಹುದು. ಹಾಗೆ ವಾದ ಮಾಡಲು ಸಾಧ್ಯವಾದದ್ದೂ ಕಾಗದ ಇದ್ದುದರಿಂದಲೇ.

ಜಾತ್ರೆಯ ಪಂಚರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಎಲೆ ಅಡಿಕೆಯ ಜೊತೆಗೆ ಅರ್ಧ ಹಾಳೆ ಕಾಗದ ಇಡಿರಿ. ತಾರೀಖು, ಮೊತ್ತ, ಕೊಡುವ ದಿನ, ಇಬ್ಬರ ಸಹಿ, ಇಷ್ಟೇ ಸಾಕು. ಕನ್ನಡವೋ ಮರಾಠಿಯೋ, ಹಾಡುವವರಿಗೆ ತಿಳಿಯುವ ಭಾಷೆಯಲ್ಲಿರಲಿ. ಸಹಿಗೆ ಮುಂಚೆ ಓದಿ ಹೇಳಿರಿ. ನಮ್ಮನ್ನು ರಾತ್ರಿಯಿಡೀ ನಗಿಸಿ ಅಳಿಸಿದವರು ಬೆಳಗಾದ ಮೇಲೆ ಬೆಂಡೋಲೆ ಬಿಚ್ಚುವಂತೆ ಆಗಬಾರದು.