ಕೈಮೇಲೆ ಭಾರ ಹಾಕುವ ಕುದುರೆ

ನಾರಾಯಣಪೇಟೆ, ಮಕ್ತಲ, ಗದ್ವಾಲದ ಕಡೆ ಟಾಂಗಾ ಅಪರೂಪವಾಗಿದ್ದರೂ ಮೆರವಣಿಗೆಗೆ ಕುದುರೆ ಬೇಕೇ ಬೇಕು. ಬ್ಯಾಂಕಿನಲ್ಲಿ ಟಾಂಗಾದವರ ಸಾಲದ ಕಾಗದ ಬರೆದವನು ನಾನು. ಕುದುರೆಯ ಬಾಯಿ ಕೆಟ್ಟರೆ ಮನೆಯ ಒಲೆ ಆರುತ್ತದೆ.

ಕುದುರೆ ಲಗಾಮು ಜಗ್ಗಿ ನಿಮ್ಮ ಕೈಮೇಲೆ ಭಾರ ಹಾಕಿದರೆ ಮುಳ್ಳಿನ ಕಡಿವಾಣ ತರಬೇಡಿ. ಎಳೆಯುವ, ಹೊರುವ ಪ್ರಾಣಿಗಳ 1965ರ ನಿಯಮಗಳು ಅದನ್ನು ನಿಷೇಧಿಸಿವೆ. ನಿಯಮ ಇಲ್ಲದಿದ್ದರೂ, ನಾಲಿಗೆ ಕೊರೆಯುವ ಕಬ್ಬಿಣ ಬಾಯಿಗಿಡುವುದು ಯಾವ ನ್ಯಾಯ?

ಮೊದಲು ಪಶುವೈದ್ಯರಿಗೆ ಹಲ್ಲು ತೋರಿಸಿ. ಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಗೆ ಗಾಯವಾಗಿದ್ದರೂ ಕುದುರೆ ಹೀಗೆ ಜಗ್ಗುತ್ತದೆ. ಬಾಯಿ ಸರಿಯಿದ್ದರೆ ನಡುವೆ ಕೀಲಿರುವ, ಎರಡು ಬದಿಯ ಬಳೆ ಸಡಿಲವಾಗಿ ತಿರುಗುವ ನುಣುಪಾದ ಕಡಿವಾಣ ಹಾಕಿ ನೋಡಿ. ಅಲುಗಾಡುವ ಕಬ್ಬಿಣಕ್ಕೆ ಒರಗುವುದು ಕುದುರೆಗೆ ಕಷ್ಟ. ಎರಡೂ ಬದಿ ಅರ್ಧ ಸೆಂಟಿಮೀಟರ್ ಜಾಗ ಉಳಿಯಲಿ, ಬಿಗಿಯಾದರೆ ತುಟಿ ಸವೆಯುತ್ತದೆ. ಕುದುರೆ ಜಗ್ಗಿದಾಗ ನೀವೂ ಜಗ್ಗುತ್ತ ಕೂಡಬೇಡಿ. ಒಮ್ಮೆ ಹಿಡಿದು, ತಕ್ಷಣ ಸಡಿಲ ಬಿಡಿ.