ಒಂದೇ ಪ್ರಶ್ನೆಯ ಹಿಂದೆ 17 ವರ್ಷ
(ಅರಕೇರಾದಲ್ಲಿ ವಿದ್ಯಾರ್ಥಿವೇತನ ವಿತರಣೆಯ ದಿನ ಮಾಡಿದ ಭಾಷಣ)

 

ಮಗಳು ಪಿಯುಸಿಯಲ್ಲಿ ವಿಜ್ಞಾನ ಓದಿದ್ದಾಳೆ, ಮೆಡಿಕಲ್ ಸೀಟು ಸಿಗಲಿಲ್ಲ, ಇನ್ನು ಓದಿ ಏನು ಮಾಡುವುದು ಎಂದು ಕೇಳುವ ಮನೆಗಳು ನಮ್ಮಲ್ಲಿ ಬಹಳ. ಅವರಿಗಾಗಿ ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಡಾ. ಅನ್ನಪೂರ್ಣಿ ರಂಗರಾಜನ್ ಅವರ ಕೆಲಸದ ಬಗ್ಗೆ ಹೇಳುತ್ತೇವೆ. ಕ್ಯಾನ್ಸರ್ ಹೇಗೆ ಬೆಳೆಯುತ್ತದೆ ಎಂಬುದೇ ಅವರ ಪ್ರಶ್ನೆ.

ದೇಹದ ಜೀವಕೋಶಗಳು ಒಂದಕ್ಕೊಂದು ಸಂಕೇತ ಕಳಿಸುತ್ತವೆ: ಬೆಳೆ, ನಿಲ್ಲು, ಸಾಯಿ. ನಾರಾಯಣಪುರ ಬಲದಂಡೆ ಕಾಲುವೆಯ ಗೇಟು ಹೊತ್ತಿಗೆ ಸರಿಯಾಗಿ ಏಳಬೇಕು, ಹೊತ್ತಿಗೆ ಸರಿಯಾಗಿ ಇಳಿಯಬೇಕು. ಇಳಿಯದೆ ಸಿಕ್ಕಿಕೊಂಡರೆ ಬೆಳೆಸುವ ನೀರೇ ಹೊಲ ಕೆಡಿಸುತ್ತದೆ. ಕ್ಯಾನ್ಸರ್ ಕೋಶದಲ್ಲೂ ಹೀಗೆಯೇ.

‘ನಾಚ್’ ಎಂಬುದು ಅಂಥ ಒಂದು ಸಂಕೇತ. ಚರ್ಮದ ಕೋಶದಲ್ಲಿ ಅದು ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ತರುವ ಪ್ಯಾಪಿಲೋಮಾ ವೈರಸ್ಸಿನ ಜೀನುಗಳ ಜೊತೆ ಸೇರಿದರೆ ಅದೇ ಸಂಕೇತ ಕ್ಯಾನ್ಸರಿಗೆ ನೆರವಾಗುತ್ತದೆ. 2001ರಲ್ಲಿ ಪ್ರಕಟವಾದ ಅವರ ಅಧ್ಯಯನಗಳು ಈ ಎರಡನ್ನೂ ತೋರಿಸಿದವು. ಮುಂದೆ ಅವರು ಅಮೆರಿಕದಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ ದುಡಿದರು. ಇಲಿಯ ಕೋಶಕ್ಕಿಂತ ಮನುಷ್ಯನ ಕೋಶ ಕ್ಯಾನ್ಸರಿಗೆ ತಿರುಗಲು ಹೆಚ್ಚು ಬದಲಾವಣೆಗಳು ಬೇಕು ಎಂಬ ವಿಷಯ 2004ರ ಲೇಖನದಲ್ಲಿ ಬಂತು.

ಬೆಂಗಳೂರಿನಲ್ಲಿ ಅವರ ತಂಡ ಸ್ತನ ಕ್ಯಾನ್ಸರನ್ನು ಕೈಗೆತ್ತಿಕೊಂಡಿತು. ತನ್ನ ಜಾಗದಿಂದ ಕಿತ್ತ ಆರೋಗ್ಯವಂತ ಕೋಶ ಸಾಮಾನ್ಯವಾಗಿ ಸಾಯುತ್ತದೆ. ಕ್ಯಾನ್ಸರ್ ಕೋಶ ಸಾಯದೆ ಬೇರೆ ಅಂಗಕ್ಕೆ ಹರಡುತ್ತದೆ. ಬರಗಾಲದಲ್ಲಿ ಖರ್ಚು ಕಡಿಮೆ ಮಾಡಿ ಜೀವ ಹಿಡಿಯುವ ಮನೆಯಂತೆ, ಎಎಂಪಿಕೆ ಎಂಬ ಪ್ರೋಟೀನು ಆ ಕೋಶವನ್ನು ಉಳಿಸುತ್ತದೆ. ಜಾಗದಲ್ಲಿ ಅಂಟಿಕೊಂಡಿದ್ದಾಗ ಬೆಳವಣಿಗೆಗೆ ಒತ್ತಾಸೆಯಾದ ‘ಎಕೆಟಿ’ಯ ಕೈ ಮೇಲು, ಕಳಚಿಕೊಂಡಾಗ ಎಎಂಪಿಕೆಯ ಕೈ ಮೇಲು ಎಂದು 2018ರಲ್ಲಿ ಅವರು ತೋರಿಸಿದರು. ಹರಡುವ ಕೋಶವನ್ನು ಎಲ್ಲಿ ತಡೆಯಬಹುದು ಎಂಬುದಕ್ಕೆ ಇದು ಒಂದು ಸುಳಿವು.

2001ರಿಂದ 2018. ಇಷ್ಟು ವರ್ಷದ ದುಡಿಮೆ ಒಂದು ವರ್ಷದ ಫಲಿತಾಂಶದ ಪಟ್ಟಿಯಲ್ಲಿ ಕಾಣುವುದಿಲ್ಲ. ಆ ಸಂಸ್ಥೆಗೆ ಹಣ ಕೊಟ್ಟ ಜಮ್‌ಶೆಟ್‌ಜಿ ಟಾಟಾ 1904ರಲ್ಲಿ ತೀರಿಕೊಂಡರು. ಸಂಸ್ಥೆ ಆರಂಭವಾದದ್ದು 1909ರಲ್ಲಿ. ಮೈಸೂರು ಸಂಸ್ಥಾನ ಅದಕ್ಕೆ 370ಕ್ಕೂ ಹೆಚ್ಚು ಎಕರೆ ಭೂಮಿ ಕೊಟ್ಟಿತು. ಕೊಟ್ಟವರು ನೋಡದ ಫಲವನ್ನು ಇಂದು ನಾವು ನೋಡುತ್ತಿದ್ದೇವೆ.

ಪೋಷಕರಲ್ಲಿ ನಮ್ಮ ವಿನಂತಿ: ಬಿಎಸ್ಸಿ ಎಂದರೆ ದಾರಿ ಮುಗಿಯಿತು ಎಂದುಕೊಳ್ಳಬೇಡಿ. ಎಂಎಸ್ಸಿ ಮುಗಿಸಿ ರಾಷ್ಟ್ರಮಟ್ಟದ ಜೆಆರ್‌ಎಫ್ ಪರೀಕ್ಷೆ ಗೆದ್ದು ಸಂಶೋಧನೆಗೆ ಸೇರಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಗೊತ್ತಾಗಿದೆ. ಅಲ್ಲಿಯವರೆಗಿನ ಐದು ವರ್ಷವೇ ಕಷ್ಟದ್ದು. ದಾನಿಗಳಲ್ಲಿ ವಿನಂತಿ: ಕೈ ಹಿಡಿದ ಮಗುವನ್ನು ಆ ಐದು ವರ್ಷ ನಡುವೆ ಬಿಡಬೇಡಿ. ತಾಯಂದಿರಲ್ಲಿ ಇನ್ನೊಂದು ಮಾತು: ಎದೆಯಲ್ಲಿ ಗಂಟು ಕಂಡರೆ ನಾಚಿಕೆಯಿಂದ ಮುಚ್ಚಿಡದೆ ಬೇಗ ವೈದ್ಯರಿಗೆ ತೋರಿಸಿ.