ಬೀರು ತೆಗೆಯೋ ಕೈ ಬೇಕು
(ಪೆನುಕೊಂಡದಲ್ಲಿ ನಡೆದ ಗಡಿ ಕನ್ನಡ ಯುವಕರ ಸಭೆಯಲ್ಲಿ ಆಡಿದ ಮಾತು)

ನಾನು ಭಾಷಣಕಾರ ಅಲ್ಲ, ಬ್ಯಾಂಕ್ ಗುಮಾಸ್ತ. ಕೌಂಟರಿನಲ್ಲಿ ಮತ್ತೆ ಮತ್ತೆ ಕಾಣೋ ನೋಟ ಒಂದಿದೆ. ಅಜ್ಜಿ ಮೊಮ್ಮಗಳನ್ನ ಕರ್ಕೊಂಡು ಬರ್ತಾಳೆ. ಫಾರಂ ತುಂಬೋದು ಮೊಮ್ಮಗಳು, ಹೆಬ್ಬೆಟ್ಟು ಅಜ್ಜಿದು. ಇಬ್ಬರ ಮಾತೂ ಕನ್ನಡ. ಹುಡುಗಿ ಬರೆಯೋದು ತೆಲುಗು. ಆ ಮನೆಯಲ್ಲಿ ಕನ್ನಡ ಬಾಯಲ್ಲಿದೆ, ಕಣ್ಣಿಗೆ ಕಂಡಿಲ್ಲ.

ತೆಲುಗಿನ ಮೇಲೆ ತಕರಾರಿಲ್ಲ, ಅದು ನಮಗೆ ಅನ್ನದ ಭಾಷೆ. ಆದ್ರೆ ಮನೆಮಾತು ಓದೋಕೆ ಬರದಿದ್ರೆ ಮುಂದಿನ ತಲೆಮಾರಿಗೆ ಅದು ಬಾಯಲ್ಲೂ ಉಳಿಯಲ್ಲ.

ಪುಸ್ತಕ ದಾನ ನಾವೂ ಮಾಡಿದ್ದೀವಿ. ಬೀರು ತುಂಬಿತು, ಬೀಗ ಬಿತ್ತು. ಕೀಲಿ ಯಾರ ಹತ್ರ ಅಂತ ಹುಡುಕೋ ಹೊತ್ತಿಗೆ ಮಕ್ಕಳು ಮೊಬೈಲ್ ಹಿಡಿದಿದ್ರು. ಆಗ ಗೊತ್ತಾಯ್ತು, ಬೀರು ತೆಗೆಯೋ ಕೈ ಬೇಕು ಅಂತ.

ಗಡಿಯ ಆಚೆ ಕರ್ನಾಟಕದಲ್ಲಿ 2020ರ ನವೆಂಬರಿನಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 'ಓದುವ ಬೆಳಕು' ಶುರುವಾಯ್ತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ಪುಸ್ತಕದ ಜೊತೆಗೆ ಗ್ರಂಥಾಲಯ ನೋಡಿಕೊಳ್ಳೋರಿಗೆ ತರಬೇತಿಯೂ ಸಿಕ್ಕಿತು. ಗೆದ್ದಿದ್ದು ಅಲ್ಲೇ.

ನಮ್ಮೂರಲ್ಲಿ ಅಂಥವರು ಏನು ಕಲೀಬೇಕು? ನನ್ನ ಪ್ರಕಾರ ಮೂರು.

ಒಂದು, ಮಕ್ಕಳ ಮುಂದೆ ಕಥೆಯನ್ನ ಜೋರಾಗಿ, ಚಿತ್ರ ತೋರಿಸ್ತಾ ಓದೋದು. ಸ್ಟೋರಿವೀವರ್ ತಾಣದಲ್ಲಿ ಕನ್ನಡ, ತೆಲುಗು ಎರಡರಲ್ಲೂ ಮಕ್ಕಳ ಕಥೆ ಉಚಿತವಾಗಿ ಸಿಗುತ್ತೆ, ಪ್ರಿಂಟೂ ತೆಗೀಬಹುದು.

ಎರಡು, ತಾಯಂದಿರನ್ನ ಮಗುವಿನ ಪಕ್ಕದಲ್ಲೇ ಕೂರಿಸೋದು. ತೆಲುಗು ಓದಿದ ತಾಯಿಗೆ ಕನ್ನಡ ಅಕ್ಷರ ದೂರ ಇಲ್ಲ. ಗ, ನ, ಮ, ರ ಹೆಚ್ಚುಕಮ್ಮಿ ಅವೇ, ತಲೆಕಟ್ಟು ಬೇರೆ. ಕ, ತ ಥರದ ಕೆಲವನ್ನ ಮಾತ್ರ ಹೊಸದಾಗಿ ಕಲೀಬೇಕು.

ಮೂರು, ಅಕ್ಷರ ಬಾರದ ಅಜ್ಜಿಯನ್ನ ಹೊರಗೆ ನಿಲ್ಲಿಸಬಾರದು. ಅಜ್ಜಿ ಕಥೆ ಹೇಳಲಿ, ಮೊಮ್ಮಗಳು ಕನ್ನಡದಲ್ಲಿ ಬರೀಲಿ. ಆ ನೋಟ್‌ಬುಕ್ಕು ಅಜ್ಜಿ ಹೆಸರಲ್ಲಿ ಬೀರು ಸೇರಲಿ.

ಸ್ನೇಹಿತರೇ, 1565ರ ಸೋಲಿನ ನಂತರ ವಿಜಯನಗರದ ಅರಸರು ಈ ಪೆನುಕೊಂಡಕ್ಕೆ ಬಂದ್ರು ಅಂತ ಹೇಳಿ ಚಪ್ಪಾಳೆ ತಗೊಳ್ಳೋದು ಸುಲಭ. ನನಗೆ ಚಪ್ಪಾಳೆ ಬೇಡ, ಹೆಸರು ಬೇಕು. ಊರಿಗೊಬ್ಬರು ವಾರಕ್ಕೆ ಎರಡು ಗಂಟೆ ಕೊಡ್ತೀನಿ ಅನ್ನೋರು ಹೇಳಿ. ಒಂದು ಭಾನುವಾರ ಎಲ್ಲರೂ ಪಾವಗಡ ಕಡೆ ಹೋಗಿ, ಪಂಚಾಯಿತಿ ಗ್ರಂಥಾಲಯ ನಡೆಸೋರ ಹತ್ರ ಕೂತು ಕಲಿಯೋಣ. ಬಸ್ ಚಾರ್ಜು ನನ್ನದು.